ರಿಪೋರ್ಟಿನಲ್ಲಿ ಒಂದು ಸಾಲು ಹೆಚ್ಚಿಗೆ ಹಾಕಿ: ಲ್ಯಾಬ್ ಮಾಲೀಕರಿಗೊಂದು ಬಹಿರಂಗ ಪತ್ರ

ಕರ್ನಾಟಕದ ರಕ್ತಪರೀಕ್ಷಾ ಲ್ಯಾಬ್‌ಗಳ ಮಾಲೀಕರಿಗೆ, ಅಲ್ಲಿ ರಿಪೋರ್ಟಿಗೆ ಸಹಿ ಹಾಕುವ ಪೆಥಾಲಜಿಸ್ಟರಿಗೆ,

ಮಾನ್ಯರೇ,

ನೀವು ಕೊಡುವ ರಿಪೋರ್ಟಿನ ಕೊನೆಯಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ. ಆ ಸಾಲಿಗೆ ಬೇಕಾದ ನಾಲ್ಕು ಸಂಖ್ಯೆಗಳು ಈಗಾಗಲೇ ನಿಮ್ಮ ಕಂಪ್ಯೂಟರಿನಲ್ಲಿವೆ: ಬಂದವರ ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ ಒಂದು ಕಡೆ ಇಟ್ಟುಕೊಳ್ಳಬೇಕು. ಪ್ಲೇಟ್‌ಲೆಟ್ ಎಷ್ಟು ಸಾವಿರವಿದೆಯೋ ಆ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ ಇನ್ನೊಂದು ಕಡೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ ಅಂಕಿಗೆ ಫಿಬ್-4 ಎಂದು ಹೆಸರು. ಲಿವರ್‌ನಲ್ಲಿ ಗಾಯ ಮಾಗಿ ಮಾಗಿ ಕಲೆ ಕಟ್ಟಿದೆಯೇ, ಕಟ್ಟಿದ್ದರೆ ಚಿಂತೆ ಮಾಡುವಷ್ಟಿದೆಯೇ ಎಂಬುದರ ಅಂದಾಜು ಅದು.

ಇದು ನಿನ್ನೆ ಮೊನ್ನೆಯ ಸೂತ್ರವೇನಲ್ಲ. 2006ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಸ್ಟರ್ಲಿಂಗ್ ಮತ್ತು ಸಂಗಡಿಗರು ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ ಇದನ್ನು ರೂಪಿಸಿದರು. ಪ್ರತಿಯೊಬ್ಬರಿಗೂ ಪಕ್ಕೆಯೊಳಗೆ ಸೂಜಿ ಚುಚ್ಚಿ ಬಯಾಪ್ಸಿ ತೆಗೆಯುವುದನ್ನು ತಪ್ಪಿಸುವುದು ಅವರ ಉದ್ದೇಶವಾಗಿತ್ತು. ಆಮೇಲೆ ಫ್ಯಾಟಿ ಲಿವರ್ ಇದ್ದವರಲ್ಲೂ ಇದನ್ನು ಒರೆಗೆ ಹಚ್ಚಿ ನೋಡಿದರು. ಈಗ ಸಕ್ಕರೆ ಕಾಯಿಲೆ, ಬೊಜ್ಜು, ಫ್ಯಾಟಿ ಲಿವರ್ ಇರುವವರಲ್ಲಿ ಮೊದಲು ಹಾಕಬೇಕಾದ ಲೆಕ್ಕ ಇದೇ ಎಂದು ಅಮೆರಿಕದ, ಯುರೋಪಿನ ತಜ್ಞ ಸಂಘಗಳ ಮಾರ್ಗಸೂಚಿಗಳು ಹೇಳುತ್ತವೆ. ಆದರೆ ನಮ್ಮ ಮನೆಯವರದು, ನೆಂಟರದು, ಬೀದಿಯವರು ವಾಟ್ಸಾಪಿನಲ್ಲಿ ಕಳಿಸಿ "ಸ್ವಲ್ಪ ನೋಡಿ ಹೇಳಿ" ಅಂದದ್ದು, ಹೀಗೆ ನನ್ನ ಕಣ್ಣಿಗೆ ಬಿದ್ದ ಯಾವ ರಿಪೋರ್ಟಿನಲ್ಲೂ ಆ ಸಾಲು ಇರಲಿಲ್ಲ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಅಚ್ಚು ಹಾಕುತ್ತಿದ್ದರೆ ಅವರಿಗೆ ನನ್ನ ನಮಸ್ಕಾರ. ಈ ಪತ್ರ ಉಳಿದವರಿಗೆ.

ಹೆಲ್ತ್ ಚೆಕಪ್ ಮಾಡಿಸಿಕೊಂಡು ಬಂದವರ ಕೈಯಲ್ಲಿ ಎರಡು ಕಾಗದ ಇರುತ್ತವೆ. ಸ್ಕ್ಯಾನಿಂಗ್ ಕಾಗದದಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದಿರುತ್ತದೆ. ರಕ್ತದ ಕಾಗದದಲ್ಲಿ ಮಿತಿ ಮೀರಿದ ಅಂಕಿಗಳ ಪಕ್ಕ ಚುಕ್ಕಿ ಗುರುತೋ ದಪ್ಪ ಅಕ್ಷರವೋ ಇರುತ್ತದೆ. ಎರಡನ್ನೂ ನೋಡಿದ ಡಾಕ್ಟರು, ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿರುವುದರಿಂದ, "ಇದು ಎಲ್ಲರಿಗೂ ಇರುತ್ತೆ, ಎಣ್ಣೆ ಪದಾರ್ಥ ಕಮ್ಮಿ ಮಾಡಿ, ವಾಕಿಂಗ್ ಹೋಗಿ" ಎಂದು ಕಳಿಸುತ್ತಾರೆ. ಎಲ್ಲರಿಗೂ ಇರುತ್ತೆ ಎಂಬ ಮಾತು ತೀರಾ ಸುಳ್ಳೂ ಅಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ವಯಸ್ಕರಲ್ಲಿ ಶೇ. 38.6ರಷ್ಟು ಮಂದಿಗೆ, ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ಫ್ಯಾಟಿ ಲಿವರ್ ಇತ್ತು. ಹೈದರಾಬಾದಿನ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಶೇ. 84. ಅದೇ ಕುರ್ಚಿ, ಅದೇ ಶಿಫ್ಟು, ರಾತ್ರಿ ಹನ್ನೊಂದಕ್ಕೆ ಅದೇ ಆರ್ಡರ್ ಮಾಡಿದ ಬಿರಿಯಾನಿ ಬೆಂಗಳೂರಿನಲ್ಲೂ ಇವೆ.

ಇಷ್ಟು ಜನರಲ್ಲಿ ಬಹುಪಾಲು ಮಂದಿಗೆ ಲಿವರ್‌ನಿಂದ ಜೀವಕ್ಕೆ ಅಪಾಯವಿಲ್ಲ. ಕೆಲವರಿಗೆ ಇದೆ. ಆ ಕೆಲವರು ಯಾರು ಎನ್ನುವುದೇ ಪ್ರಶ್ನೆ. ಅದಕ್ಕೆ ಉತ್ತರ ಗ್ರೇಡಿನಲ್ಲಿಲ್ಲ. ಸ್ಕ್ಯಾನಿಂಗ್‌ನ ಗ್ರೇಡು ಲಿವರ್ ಎಷ್ಟು ಬೆಳ್ಳಗೆ ಹೊಳೆಯುತ್ತಿದೆ, ಅಂದರೆ ಕೊಬ್ಬು ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ರೋಗ ತುಂಬ ಮುಂದುವರಿದು ಲಿವರ್ ನಾರುಗಟ್ಟಿದ ಮೇಲೆ ಎಷ್ಟೋ ಜನರಲ್ಲಿ ಆ ಕೊಬ್ಬೇ ಕರಗಿಹೋಗಿರುತ್ತದೆ. ಪಾಲ್ ಅಂಗುಲೋ ಮತ್ತಿತರರು 619 ರೋಗಿಗಳ ಬಯಾಪ್ಸಿಗಳನ್ನು ಮುಂದಿಟ್ಟುಕೊಂಡು, ಆ ಜನ ವರ್ಷಾನುಗಟ್ಟಲೆ ಹೇಗೆ ಬದುಕಿದರು, ಯಾರು ತೀರಿಕೊಂಡರು ಎಂದು ನೋಡಿ 2015ರಲ್ಲಿ ಪ್ರಕಟಿಸಿದರು. ಕೊಬ್ಬು, ಉರಿಯೂತ, ಊದಿದ ಕೋಶ, ಇವು ಯಾವುವೂ ಮುಂದಿನ ಗತಿಯನ್ನು ಹೇಳಲಿಲ್ಲ. ಹೇಳಿದ್ದು ಕಲೆಯ ಮಟ್ಟ ಒಂದೇ.

ಚುಕ್ಕಿ ಗುರುತೂ ಇಲ್ಲಿ ನಂಬಿಕೆಗೆ ಅರ್ಹವಲ್ಲ. ನೀವೇ ಕಾಗದ ತೆಗೆದುಕೊಂಡು ಇಬ್ಬರ ಲೆಕ್ಕ ಹಾಕಿ ನೋಡಿ. ಒಬ್ಬರಿಗೆ 41 ವರ್ಷ, ಎಸ್‌ಜಿಒಟಿ 30, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2 ಲಕ್ಷ 80 ಸಾವಿರ ಎಂದುಕೊಳ್ಳಿ. ಎಸ್‌ಜಿಪಿಟಿ 40 ದಾಟಿದ್ದರಿಂದ ಅವರ ರಿಪೋರ್ಟಿನಲ್ಲಿ ಗುರುತು ಬೀಳುತ್ತದೆ, ಅವರಿಗೆ ಅವತ್ತು ರಾತ್ರಿ ನಿದ್ದೆಯಿಲ್ಲ. ಅವರ ಫಿಬ್-4 ಬರುವುದು 0.63. ಇನ್ನೊಬ್ಬರಿಗೆ 60 ವರ್ಷ, ಎಸ್‌ಜಿಒಟಿ 39, ಎಸ್‌ಜಿಪಿಟಿ 25, ಪ್ಲೇಟ್‌ಲೆಟ್ ಒಂದೂವರೆ ಲಕ್ಷ. ಎಲ್ಲವೂ ಮಿತಿಯೊಳಗೇ ಇವೆ, ಒಂದು ಗುರುತೂ ಇಲ್ಲ, ಮನೆಯವರೆಲ್ಲ ನಿರಾಳ. ಅವರ ಫಿಬ್-4 ಬರುವುದು 3.12. ತಜ್ಞರ ಪ್ರಕಾರ 1.3ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಕಲೆ ಇರುವ ಸಂಭವ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಲೇಬೇಕು, ನಡುವೆ ಇದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ ನೋಡಬೇಕು. ಹೆದರಬೇಕಾಗಿಲ್ಲದವರನ್ನು ಹೆದರಿಸಿ, ಎಚ್ಚರಿಸಬೇಕಾದವರನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸುವ ಕಾಗದವನ್ನು ನಾವು ದುಡ್ಡು ಕೊಟ್ಟು ತರುತ್ತಿದ್ದೇವೆ.

ಗುರುತು ಹೀಗೆ ದಾರಿ ತಪ್ಪಿಸುವುದರ ಹಿಂದಿನ ಕಾರಣ ನಿಮಗೆ ಗೊತ್ತೇ ಇದೆ, ಓದುಗರಿಗಾಗಿ ಹೇಳುತ್ತೇನೆ. ಲಿವರ್ ಗಟ್ಟಿಯಾದಂತೆ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಬಿಗಿಯಾಗುತ್ತದೆ. ಆ ಒತ್ತಡ ಹಿಂದಕ್ಕೆ ತಳ್ಳಿ ಗುಲ್ಮ ದೊಡ್ಡದಾಗುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಪ್ಲೇಟ್‌ಲೆಟ್ ಹುಟ್ಟಿಸುವ ಹಾರ್ಮೋನನ್ನು ಮಾಡುವುದೂ ಬಹುಮಟ್ಟಿಗೆ ಲಿವರೇ, ಅದೂ ಕುಗ್ಗುತ್ತದೆ. ಎಸ್‌ಜಿಪಿಟಿ ಮಾತ್ರ, ಲಿವರ್ ದಣಿದ ಮೇಲೆ, ಮೆಲ್ಲಗೆ ಇಳಿದು ಮಿತಿಯೊಳಗೆ ಬಂದು ಕೂರುತ್ತದೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಇವೆಲ್ಲ ಸರಿಯಾಗಿಯೇ ಕಾಣುತ್ತವೆ. ಒಟ್ಟಿಗೆ ನೋಡಿದಾಗಲೇ ಸಂಗತಿ ಹೊರಬೀಳುವುದು.

ನನ್ನ ಭಾವನವರ ವಿಷಯ ಹೇಳದೆ ಈ ಪತ್ರ ಮುಂದೆ ಹೋಗುವುದಿಲ್ಲ. ಮೇಷ್ಟ್ರಾಗಿ ನಿವೃತ್ತರಾದವರು, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ವರ್ಷಕ್ಕೊಂದು ಸಲ ತಪ್ಪದೆ ಚೆಕಪ್ ಮಾಡಿಸುತ್ತಿದ್ದರು. ಒಂದು ದಿನ ಬೆಳಗಿನ ಜಾವ ರಕ್ತ ವಾಂತಿಯಾಯಿತು. ಎಂಡೋಸ್ಕೋಪಿ ಮಾಡಿದ ಡಾಕ್ಟರು ಅನ್ನನಾಳದ ರಕ್ತನಾಳ ಒಡೆದಿದೆ, ಲಿವರ್ ಪೂರ್ತಿ ಕಲೆಗಟ್ಟಿ ಸಿರೋಸಿಸ್ ಆಗಿದೆ ಎಂದರು. ಆಸ್ಪತ್ರೆಯ ಬಾಗಿಲಿನಿಂದ ಹಿಡಿದು ಊರಿನ ಕಟ್ಟೆಯವರೆಗೂ ಅಕ್ಕನಿಗೆ ಎದುರಾದ ಪ್ರಶ್ನೆ ಒಂದೇ: "ಎಷ್ಟು ಕುಡೀತಿದ್ರು?" ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯನ ಪರವಾಗಿ ಅಕ್ಕ ಸಿಕ್ಕಸಿಕ್ಕವರಿಗೆಲ್ಲ ಸಮಜಾಯಿಷಿ ಕೊಡುತ್ತಾ ನಿಂತಳು. ಮುಂದಿನ ವರ್ಷ ಅವರು ಹೋದರು. ಎಲ್‌ಐಸಿ ಕಾಗದ ಹುಡುಕುವಾಗ ಅವರ ಹಳೆಯ ರಿಪೋರ್ಟುಗಳೆಲ್ಲ ಸಿಕ್ಕವು, ಮೇಷ್ಟ್ರ ಕೈಬರಹದಲ್ಲಿ ಇಸವಿವಾರು ಜೋಡಿಸಿಟ್ಟಿದ್ದರು. ಒಂದೊಂದಕ್ಕೂ ಲೆಕ್ಕ ಹಾಕಿದೆ. ರಕ್ತ ಕಾರುವುದಕ್ಕೆ ನಾಲ್ಕು ವರ್ಷ ಮೊದಲೇ ಅಂಕಿ 2.67 ದಾಟಿತ್ತು. ಆ ರಿಪೋರ್ಟಿನಲ್ಲಿ ಲಿವರ್ ಪರೀಕ್ಷೆಯ ಒಂದು ಅಂಕಿಗೂ ಗುರುತು ಬಿದ್ದಿರಲಿಲ್ಲ. ಲ್ಯಾಬಿನವರು ಅಳೆದದ್ದು ತಪ್ಪಾಗಿತ್ತು ಎಂದು ನಾನು ಹೇಳುತ್ತಿಲ್ಲ, ಅಳತೆ ಪೂರ್ತಿ ಸರಿಯಿತ್ತು. ಆ ನಾಲ್ಕು ಸಂಖ್ಯೆಗಳನ್ನು ಒಂದು ಕಡೆ ಸೇರಿಸಿ ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ.

ನಾಲ್ಕು ವರ್ಷ ಮೊದಲೇ ಗೊತ್ತಾಗಿದ್ದರೆ ಏನು ಮಾಡಬಹುದಿತ್ತು ಎಂದು ಕೇಳುವವರಿದ್ದಾರೆ. ಬಹಳ ಮಾಡಬಹುದಿತ್ತು. ಸ್ಪೇನ್‌ನ ಎಂಟು ಆಸ್ಪತ್ರೆಗಳಲ್ಲಿ, ಸಿರೋಸಿಸ್ ಆಗಿದ್ದರೂ ಇನ್ನೂ ಹೊಟ್ಟೆಯಲ್ಲಿ ನೀರು ತುಂಬದ, ಆದರೆ ಒಳಗೆ ರಕ್ತದ ಒತ್ತಡ ಏರಿದ್ದ 201 ಜನರ ಮೇಲೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಪ್ರೊಪ್ರಾನೊಲಾಲ್ ಅಥವಾ ಕಾರ್ವೆಡಿಲಾಲ್ ತೆಗೆದುಕೊಂಡವರಲ್ಲಿ ಶೇ. 16ರಷ್ಟು ಮಂದಿಗೆ ಮಾತ್ರ ಕಾಯಿಲೆ ಕೈಮೀರಿತು ಅಥವಾ ಸಾವು ಬಂತು, ಬರೀ ಸೋಗಿನ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ. 27. ಯಾವ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ ಹಳೆಯ ಮಾತ್ರೆಗಳು ಇವು. ಯಾರಿಗೆ ಕೊಡಬೇಕು ಎಂದು ಗೊತ್ತಿದ್ದರೆ ಸಾಕು.

ಸಿರೋಸಿಸ್‌ಗೆ ಮುಂಚಿನ ಹಂತದಲ್ಲಿ ಸಿಕ್ಕಿಬಿದ್ದವರ ಪಾಲಿಗೆ ದಾರಿ ಇನ್ನೂ ಅಗಲವಾಗಿದೆ. ಕ್ಯೂಬಾದಲ್ಲಿ 293 ರೋಗಿಗಳಿಗೆ ಒಂದು ವರ್ಷ ಊಟ ತಿದ್ದಿಸಿ, ನಡಿಗೆ ಮಾಡಿಸಿ, ಮೊದಲೂ ಕೊನೆಗೂ ಬಯಾಪ್ಸಿ ತೆಗೆದು ನೋಡಿದ ಅಧ್ಯಯನ 2015ರದು. ಮೈತೂಕದಲ್ಲಿ ಶೇ. 10ರಷ್ಟು ಇಳಿಸಿದವರಲ್ಲಿ ಶೇ. 90 ಮಂದಿಗೆ ಲಿವರ್‌ನ ಉರಿಯೂತದ ಕಾಯಿಲೆ ಹೋಗಿತ್ತು, ಶೇ. 45 ಮಂದಿಗೆ ಕಟ್ಟಿದ್ದ ಕಲೆಯೇ ಒಂದು ಹಂತ ಹಿಂದೆ ಸರಿದಿತ್ತು. 80 ಕಿಲೋ ಇದ್ದವರು 72ಕ್ಕೆ ಬರಬೇಕು, ಸುಲಭವಲ್ಲ, ಅಷ್ಟು ಇಳಿಸಿದವರು ಆ ಗುಂಪಿನಲ್ಲೂ ಕೆಲವರೇ. ಈಚೆಗೆ ಔಷಧಿಗಳೂ ಬಂದವು. ರೆಸ್ಮೆಟಿರೋಮ್ ಎಂಬ ಮಾತ್ರೆಗೆ 2024ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. 966 ಜನರ ಪ್ರಯೋಗದಲ್ಲಿ ಅದರ ಹೆಚ್ಚಿನ ಡೋಸು ತೆಗೆದುಕೊಂಡವರಲ್ಲಿ ಶೇ. 25.9 ಮಂದಿಗೆ ಕಲೆ ಕಡಿಮೆಯಾಯಿತು, ಸೋಗಿನ ಮಾತ್ರೆಯವರಲ್ಲಿ ಶೇ. 14.2. ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ಹೆಸರಾದ ಸೆಮಾಗ್ಲುಟೈಡ್ ಇಂಜೆಕ್ಷನ್ನಿಗೆ 2025ರ ಆಗಸ್ಟಿನಲ್ಲಿ ಇದೇ ಕಾಯಿಲೆಗಾಗಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಪ್ರಯೋಗದಲ್ಲಿ ಕಲೆ ಇಳಿದವರು ಶೇ. 36.8, ಎದುರು ಗುಂಪಿನಲ್ಲಿ ಶೇ. 22.4. ಪವಾಡವಲ್ಲ, ಆದರೂ ಹತ್ತು ವರ್ಷದ ಹಿಂದೆ ಇಷ್ಟೂ ಇರಲಿಲ್ಲ. ಈ ಎರಡೂ ಔಷಧಿಗೆ ಒಪ್ಪಿಗೆ ಸಿಕ್ಕಿರುವುದು ಕಲೆ ಮಧ್ಯಮದಿಂದ ಹೆಚ್ಚಿನ ಹಂತದಲ್ಲಿದ್ದು ಇನ್ನೂ ಸಿರೋಸಿಸ್ ಆಗದವರಿಗೆ. ಕಲೆಯ ಹಂತವೇ ಗೊತ್ತಿಲ್ಲದ ಊರಿನಲ್ಲಿ ಔಷಧಿ ಬಂದು ಏನು ಪ್ರಯೋಜನ?

ನಿಮ್ಮ ಆಕ್ಷೇಪಗಳನ್ನು ಊಹಿಸಬಲ್ಲೆ. "ಅಳೆಯುವುದು ನಮ್ಮ ಕೆಲಸ, ಲೆಕ್ಕ ಹಾಕಿ ಅರ್ಥ ಹೇಳುವುದು ಡಾಕ್ಟರ ಕೆಲಸ" ಎನ್ನುವುದು ಮೊದಲನೆಯದು. ಸ್ವಾಮಿ, ಕೆಟ್ಟ ಕೊಲೆಸ್ಟರಾಲ್ ಎಂದು ನೀವು ಕೊಡುವ ಎಲ್‌ಡಿಎಲ್ ಅಂಕಿಯನ್ನು ಬಹಳ ಕಡೆ ಯಾರೂ ಅಳೆಯುವುದೇ ಇಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಕೊಟ್ಟ ಸೂತ್ರದಿಂದ ಕಳೆದು ಭಾಗಿಸಿ ತೆಗೆದದ್ದು ಅದು. ಕ್ರಿಯಾಟಿನಿನ್ ಜೊತೆಗೆ ವಯಸ್ಸು ಸೇರಿಸಿ ಕಿಡ್ನಿಯ ಇಜಿಎಫ್‌ಆರ್ ಕೊಡುತ್ತೀರಿ. ಎಚ್‌ಬಿಎ1ಸಿ ಪಕ್ಕದಲ್ಲಿ ಸರಾಸರಿ ಸಕ್ಕರೆ ಎಷ್ಟು ಎಂದು ಲೆಕ್ಕ ಹಾಕಿ ಬರೆಯುತ್ತೀರಿ. ಹೃದಯಕ್ಕೆ, ಕಿಡ್ನಿಗೆ ಮಾಡಿದ ಉಪಕಾರವನ್ನು ಲಿವರ್‌ಗೂ ಮಾಡಿ ಎಂಬುದಷ್ಟೇ ನನ್ನ ಮಾತು.

ಎರಡನೆಯ ಆಕ್ಷೇಪಕ್ಕೆ ತೂಕವಿದೆ, ಅದನ್ನು ಹಗುರವಾಗಿ ಬಿಡುವಂತಿಲ್ಲ. ಈ ಲೆಕ್ಕ ಎಲ್ಲರಿಗೂ, ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. ಸೂತ್ರದಲ್ಲಿ ವಯಸ್ಸೇ ಒಂದು ಅಂಗವಾದ್ದರಿಂದ 35ರ ಒಳಗಿನವರಲ್ಲಿ ಇದನ್ನು ನಂಬಬಾರದು. ಟೆಕ್ ಪಾರ್ಕಿನ ಆರೋಗ್ಯ ಶಿಬಿರಕ್ಕೆ ಬರುವ ಹುಡುಗ ಹುಡುಗಿಯರಿಗೆ ಸೊಂಟದ ಅಳತೆ ಟೇಪೇ ಇದಕ್ಕಿಂತ ಒಳ್ಳೆಯದು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. 65 ದಾಟಿದವರಿಗೆ ಕೆಳಗಿನ ಮಿತಿಯನ್ನು 1.3ರ ಬದಲು 2 ಎಂದು ಹಿಡಿಯಬೇಕು, ಇಲ್ಲದಿದ್ದರೆ ಅಜ್ಜ ಅಜ್ಜಿಯರೆಲ್ಲ ರೋಗಿಗಳಾಗುತ್ತಾರೆ. ಡೆಂಗಿ ಜ್ವರದಲ್ಲಿ ಎಸ್‌ಜಿಒಟಿ ಏರಿ ಪ್ಲೇಟ್‌ಲೆಟ್ ಇಳಿಯುತ್ತದೆ. ಆಗ ಲೆಕ್ಕ ಹಾಕಿದರೆ ಅಂಕಿ ಆಕಾಶಕ್ಕೆ ಹೋಗುತ್ತದೆ, ಅದಕ್ಕೆ ಯಾವ ಅರ್ಥವೂ ಇಲ್ಲ. ಕಾಮಾಲೆ ಬಂದಾಗಲೂ ಅಷ್ಟೇ. ಮೇಲಾಗಿ ಅಂಕಿ ಕಡಿಮೆ ಬಂದಾಗ ಅದು ಕೊಡುವ ಭರವಸೆಗೆ ಹೋಲಿಸಿದರೆ, ಹೆಚ್ಚು ಬಂದಾಗ ಕೊಡುವ ಎಚ್ಚರಿಕೆ ಅಷ್ಟು ಖಚಿತವಲ್ಲ. ಹೆಚ್ಚು ಬಂದವರಲ್ಲಿ ಹಲವರಿಗೆ ಮುಂದಿನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಗೊತ್ತಾಗುತ್ತದೆ. ಇದು ಜರಡಿ, ತೀರ್ಪಲ್ಲ. ನಮ್ಮಂಥ ಕಡೆ ಜರಡಿಯೇ ಬೇಕಾಗಿರುವುದು. ನೂರಕ್ಕೆ ಮೂವತ್ತೆಂಟು ಜನರನ್ನು ಫೈಬ್ರೋಸ್ಕ್ಯಾನಿಗೆ ಕಳಿಸುವಷ್ಟು ಯಂತ್ರಗಳೂ ಇಲ್ಲ, ಲಿವರ್ ತಜ್ಞರೂ ಇಲ್ಲ. ಇರುವವರು ದೊಡ್ಡ ಊರುಗಳಲ್ಲಿ ಕೂತಿದ್ದಾರೆ.

ಸಣ್ಣಗಿರುವವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ಭಾವನೆಯೂ ನಮ್ಮಲ್ಲಿದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಜನರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 8.7 ಮಂದಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ಮುಕ್ಕಾಲು ಪಾಲು ಜನ ದಪ್ಪಗಿರಲಿಲ್ಲ. ಹೊಲದಲ್ಲಿ ದುಡಿಯುವ, ನೋಡಲು ಕಡ್ಡಿಯಂಥ ಮನುಷ್ಯನ ರಿಪೋರ್ಟಿನಲ್ಲೂ ಆ ಸಾಲು ಇರಬೇಕು ಎನ್ನುವುದು ಇದಕ್ಕೇ.

"ಅಚ್ಚು ಹಾಕಿದರೆ ಜನ ಗಾಬರಿಯಾಗುತ್ತಾರೆ" ಎನ್ನಬೇಡಿ. ಜನ ಈಗಲೇ ಗಾಬರಿಯಾಗಿದ್ದಾರೆ. ಗ್ರೇಡ್ 1 ಎಂಬ ಎರಡು ಪದದ ಅರ್ಥ ಹೇಳುವವರಿಲ್ಲದೆ ಅವರು ಹೋಗುವುದು ಯೂಟ್ಯೂಬಿಗೆ, ಅಲ್ಲಿಂದ ಲಿವರ್ ಶುದ್ಧಿಯ ಪುಡಿಗೆ, ಕಷಾಯಕ್ಕೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕುದಿಯಿತಲ್ಲ, ಆಮೇಲೆ ದೇಶದ 13 ಆಸ್ಪತ್ರೆಗಳಿಂದ, ಅದನ್ನು ಸೇವಿಸಿ ಲಿವರ್‌ಗೆ ಪೆಟ್ಟು ಬಿದ್ದ 43 ಜನರ ವಿವರ ಕಲೆಹಾಕಿ ನಮ್ಮ ಲಿವರ್ ತಜ್ಞರು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಅನೇಕರಿಗೆ ಮೊದಲೇ ಲಿವರ್ ಕಾಯಿಲೆ ಇತ್ತು, ಬಳ್ಳಿ ಸೇವಿಸಿದ ಮೇಲೆ ಅದು ಉಲ್ಬಣಿಸಿತು. ಆಯುಷ್ ಸಚಿವಾಲಯ ಇಂಥ ವರದಿಗಳನ್ನು ಒಪ್ಪಲಿಲ್ಲ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯನ್ನು ಬಳಸಿರಬಹುದು ಎಂದಿತು. ಯಾರ ವಾದ ಹಿಡಿದರೂ ಒಂದು ಮಾತು ಉಳಿಯುತ್ತದೆ: ತನ್ನ ಲಿವರ್‌ನ ಸ್ಥಿತಿ ಗೊತ್ತಿಲ್ಲದವನು ಲಿವರ್‌ಗೆಂದು ಏನನ್ನೂ ಕುಡಿಯಬಾರದು. ಕಾಫಿ ಮಾತ್ರ ಬೇರೆ. ಬ್ರಿಟನ್ನಿನ ಸುಮಾರು ಐದು ಲಕ್ಷ ಜನರ ಮಾಹಿತಿ ಹಿಡಿದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಲಿವರ್ ಕಾಯಿಲೆ ಶೇ. 21ರಷ್ಟು ಕಡಿಮೆ ಕಂಡಿತು. ಎರಡೂ ಒಟ್ಟಿಗೆ ಕಂಡವು ಅಷ್ಟೇ, ಕಾಫಿಯೇ ಕಾರಣ ಎನ್ನುವುದಕ್ಕೆ ಇದು ಪುರಾವೆ ಅಲ್ಲ. ಆದರೂ ಕೊಡಗು, ಚಿಕ್ಕಮಗಳೂರಿನವರು ಸಂತೋಷಪಡಬಹುದು, ಸಕ್ಕರೆ ಹಾಕದೆ ಕುಡಿದರೆ.

ನಾನು ಕೇಳುತ್ತಿರುವುದು ಎಲ್ಲೂ ಆಗದ ಕೆಲಸವಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಲಿವರ್ ಪರೀಕ್ಷೆಯ ಅಂಕಿ ಏರುಪೇರಾದರೆ ಲ್ಯಾಬಿನ ಕಂಪ್ಯೂಟರೇ ಮುಂದಿನ ಪರೀಕ್ಷೆಗಳನ್ನು ಅದೇ ರಕ್ತದಲ್ಲಿ ಮಾಡಿಸಿ, ಕಲೆಯ ಅಂದಾಜು ಹಾಕಿ, ಏನು ಮಾಡಬೇಕೆಂದು ಡಾಕ್ಟರಿಗೆ ಬರೆದು ಕಳಿಸುವ ವ್ಯವಸ್ಥೆ ಮಾಡಿದರು. ಪತ್ತೆಯಾಗುವ ಲಿವರ್ ಕಾಯಿಲೆ ಶೇ. 43ರಷ್ಟು ಹೆಚ್ಚಿತು ಎಂದು 2019ರಲ್ಲಿ ಬರೆದರು. ನಮ್ಮ ಕೇಂದ್ರ ಸರ್ಕಾರವೂ 2021ರ ಫೆಬ್ರವರಿಯಲ್ಲೇ ಫ್ಯಾಟಿ ಲಿವರ್ ಅನ್ನು ಸಾಂಕ್ರಾಮಿಕವಲ್ಲದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಿದ್ದಾರೆ. ಶುಗರ್ ಇದೆಯೆಂದು ಗೊತ್ತಾದವರಿಗೆ ಸರ್ಕಾರಿ ಲ್ಯಾಬಿನಲ್ಲಿ ರಕ್ತ ತೆಗೆದಾಗ ಈ ಸಾಲು ಅಚ್ಚಾಗುವಂತೆ ಮಾಡುವುದು ಆರೋಗ್ಯ ಇಲಾಖೆಯ ಒಂದು ಸುತ್ತೋಲೆಯ ಕೆಲಸ. ಈ ಪತ್ರದ ಒಂದು ಪ್ರತಿ ಅವರಿಗೂ ಸಲ್ಲಲಿ.

ಎರಡು ಸಣ್ಣ ಕೋರಿಕೆಗಳಿವೆ. ಲಿವರ್ ಪರೀಕ್ಷೆಯ ಪ್ಯಾಕೇಜಿನಲ್ಲಿ ಪ್ಲೇಟ್‌ಲೆಟ್ ಎಣಿಕೆ ಇಲ್ಲದಿದ್ದರೆ ಸೇರಿಸಿ, ಅದಿಲ್ಲದೆ ಲೆಕ್ಕ ನಡೆಯದು. ಮತ್ತು ದಯವಿಟ್ಟು ಇದನ್ನು 'ಅಡ್ವಾನ್ಸ್ಡ್ ಲಿವರ್ ಪ್ರೊಫೈಲ್' ಎಂದು ಹೊಸ ಹೆಸರಿಟ್ಟು ಸಾವಿರ ರೂಪಾಯಿಗೆ ಮಾರಬೇಡಿ. ಗುಣಾಕಾರ ಭಾಗಾಕಾರಕ್ಕೆ ಬಿಲ್ ಹಾಕುವುದು ನ್ಯಾಯವಲ್ಲ.

ಸಾಲು ಹೀಗಿದ್ದರೆ ಸಾಕು: "ಫಿಬ್-4: ಇಷ್ಟು. 35 ವರ್ಷದೊಳಗಿನವರಿಗೆ, ಜ್ವರ ಅಥವಾ ಕಾಮಾಲೆ ಇರುವಾಗ ಅನ್ವಯಿಸದು. 1.3ಕ್ಕಿಂತ (65 ದಾಟಿದವರಿಗೆ 2ಕ್ಕಿಂತ) ಹೆಚ್ಚಿದ್ದರೆ ನಿಮ್ಮ ವೈದ್ಯರಿಗೆ ತೋರಿಸಿ." ಕನ್ನಡದಲ್ಲೇ ಇರಲಿ, ಓದಬೇಕಾದವರು ಕಾಗದ ತೆಗೆದುಕೊಂಡು ಹೋಗುವವರು.

ಇದನ್ನು ಓದುತ್ತಿರುವ ಉಳಿದವರಲ್ಲಿ ಒಂದು ವಿನಂತಿ. ಲ್ಯಾಬಿನವರು ಅಚ್ಚು ಹಾಕುವವರೆಗೆ ಕಾಯಬೇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ, ಫ್ಯಾಟಿ ಲಿವರ್ ಎಂದು ಬರೆಸಿಕೊಂಡು ಬಂದವರ ಹಳೆಯ ರಿಪೋರ್ಟು ತೆಗೆದು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ. ಅಂಕಿ ಹೆಚ್ಚಿದ್ದರೆ ಡಾಕ್ಟರ ಹತ್ತಿರ ಹೋಗಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಕುಡಿಯುವವರಾದರೆ ಎಷ್ಟು ಎಂದು ನಿಜ ಹೇಳಿ. ಕುಡಿಯದವರನ್ನು, ಎಷ್ಟು ಕುಡೀತೀರಿ ಎಂದು ದಯವಿಟ್ಟು ಕೇಳಬೇಡಿ.

ಲ್ಯಾಬ್ ಮಾಲೀಕರೇ, ಮುಂದಿನ ತಿಂಗಳ ರಿಪೋರ್ಟಿನಿಂದಲೇ ಆ ಸಾಲು ಶುರುವಾಗಲಿ.

ಇಂತಿ,
ನಿಮ್ಮ ಗ್ರಾಹಕರಲ್ಲೊಬ್ಬರು